3.3 ವೋಲ್ಟ್ ಚಿಪ್‌ಗೆ 5 ವೋಲ್ಟಿನ ಜೊತೆಗಾರ

ಹುಬ್ಬಳ್ಳಿಯ ಗೋಕುಲ ರಸ್ತೆಯ ನನ್ನ ವರ್ಕ್‌ಶಾಪಿನಲ್ಲಿ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಿಕೊಳ್ಳಬಹುದಾದ ಚಿಪ್) ಬೋರ್ಡಿಗೆ ತಂತಿ ಬೆಸೆಯುವ ಮೊದಲು ಒಂದು ಕೆಲಸ ಕಡ್ಡಾಯ: ಆ ಪಿನ್ ಇರುವ ಬ್ಯಾಂಕಿಗೆ, ಅಂದರೆ ಒಂದೇ ವಿದ್ಯುತ್ ಪೂರೈಕೆ ಹಂಚಿಕೊಳ್ಳುವ ಪಿನ್ನುಗಳ ಗುಂಪಿಗೆ, ಎಷ್ಟು ವೋಲ್ಟ್ ಬರುತ್ತಿದೆ ಎಂದು ಮಲ್ಟಿಮೀಟರಿನಲ್ಲಿ ಅಳೆಯುವುದು. ಔಟ್‌ಪುಟ್ ಮಟ್ಟವನ್ನು ನಿರ್ಧರಿಸುವುದು ಅದೇ.

3.3 ಇದ್ದರೆ 5 ವೋಲ್ಟಿನ 74ಎಚ್‌ಸಿಟಿ ಚಿಪ್‌ಗೆ ನೇರವಾಗಿ ಜೋಡಿಸಿ. ಸಂಕೇತವನ್ನು '1' ಎಂದು ಗುರುತಿಸಲು ಅದಕ್ಕೆ 2 ವೋಲ್ಟ್ ಸಾಕು. 74ಎಚ್‌ಸಿ ಸುಮಾರು 3.5 ಕೇಳುತ್ತದೆ. ಈ 'ಟಿ' ಒಂದು ತಪ್ಪಿದ್ದಕ್ಕೆ ಬ್ಯಾಡಗಿಯ ಮೆಣಸಿನಕಾಯಿ ತೂಕದ ಯಂತ್ರವೊಂದು ಬೆಳಿಗ್ಗೆ ಸರಿಯಾಗಿ ಎಣಿಸಿ ಮಧ್ಯಾಹ್ನ ತಪ್ಪುತ್ತಿತ್ತು. ಎರಡು ದಿನ ಪ್ರೋಗ್ರಾಮಿನಲ್ಲೇ ದೋಷ ಹುಡುಕಿದೆ.

5 ವೋಲ್ಟಿನ ಚಿಪ್ಪಿನಿಂದ ಮರಳಿ ಬರುವ 5 ವೋಲ್ಟನ್ನು ಎಫ್‌ಪಿಜಿಎಗೆ ನೇರವಾಗಿ ಕೊಡಲೇಬೇಡಿ, ಪಿನ್ ಹಾಳಾಗಬಹುದು. ಸರಣಿಯಲ್ಲಿ 1 ಕಿಲೋಓಮ್, ಗ್ರೌಂಡಿಗೆ 2 ಕಿಲೋಓಮ್ ರೆಸಿಸ್ಟರ್ ಹಾಕಿ. ಸಂಕೇತ ವೇಗದ್ದಾದರೆ 3.3 ವೋಲ್ಟಿನಲ್ಲಿ ನಡೆಯುವ 74ಎಲ್‌ವಿಸಿ ಬಫರ್ (ಸಂಕೇತವನ್ನು ದಾಟಿಸುವ ಚಿಪ್) ಬಳಸಿ.