ಹನುಕ್ಕಾ ದೀಪಗಳನ್ನು ಹಚ್ಚುವ ಕ್ರಮ

ಯೆಹೂದಿಗಳ ದೀಪದ ಹಬ್ಬವಾದ ಹನುಕ್ಕಾ ಹೀಬ್ರೂ ಪಂಚಾಂಗದ ಕಿಸ್ಲೇವ್ ಮಾಸದ 25ರಂದು ಆರಂಭವಾಗಿ ಎಂಟು ದಿನ ನಡೆಯುತ್ತದೆ. ಆ ತಿಂಗಳುಗಳು ಅಮಾವಾಸ್ಯೆಯ ಮರುದಿನಗಳ ಎಳೆಚಂದ್ರನೊಂದಿಗೆ ಮೊದಲಾಗುವುದರಿಂದ 25 ಎಂದರೆ ನಮ್ಮ ಲೆಕ್ಕದಲ್ಲಿ ಬಹುಳ ದಶಮಿಯ ಆಸುಪಾಸು. ಚಂದ್ರ ಕ್ಷೀಣಿಸಿ ಅಮಾವಾಸ್ಯೆಯನ್ನು ದಾಟುವ, ಚಳಿಗಾಲದ ಗಾಢ ಕತ್ತಲೆಯ ಇರುಳುಗಳಲ್ಲೇ ಈ ದೀಪಗಳು ಉರಿಯುತ್ತವೆ. ಯೆಹೂದಿಗಳ ದಿನ ಸೂರ್ಯಾಸ್ತಕ್ಕೇ ಆರಂಭವಾಗುವುದರಿಂದ ಮೊದಲ ದೀಪವನ್ನು ಹಿಂದಿನ ಸಂಜೆ ಹಚ್ಚುತ್ತಾರೆ: 2026ರಲ್ಲಿ ಅದು ಡಿಸೆಂಬರ್ 4, ಶುಕ್ರವಾರ.

ಕ್ರಿ.ಪೂ. 167ರಲ್ಲಿ ಸಿರಿಯಾವನ್ನಾಳುತ್ತಿದ್ದ ಗ್ರೀಕ್ ಮೂಲದ ಸೆಲ್ಯೂಸಿಡ್ ವಂಶದ ದೊರೆ ನಾಲ್ಕನೆಯ ಆಂಟಿಯೋಕಸ್ ಯೆಹೂದಿ ಧರ್ಮಾಚರಣೆಗಳನ್ನು ನಿಷೇಧಿಸಿ ಜೆರುಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದನು. ಮೋದಿಯಿನ್ ಊರಿನ ಪುರೋಹಿತ ಮತ್ತಾತ್ಯನು ಅದಕ್ಕೆ ತಲೆಬಾಗಲಿಲ್ಲ. ಅವನ ಮಗ ಯೂದಾ ಮಕ್ಕಬಿಯ ನೇತೃತ್ವದಲ್ಲಿ ದಂಗೆಕೋರರು ಕ್ರಿ.ಪೂ. 164ರಲ್ಲಿ ದೇವಾಲಯವನ್ನು ಶುದ್ಧಗೊಳಿಸಿ ಪುನಃ ದೇವರಿಗೆ ಅರ್ಪಿಸಿದರು. ಹನುಕ್ಕಾ ಎಂಬ ಪದಕ್ಕೆ ಅರ್ಪಣೆ ಎಂದೇ ಅರ್ಥ. ಒಂದು ದಿನಕ್ಕಾಗುವಷ್ಟೇ ಇದ್ದ ಶುದ್ಧ ಎಣ್ಣೆ ಎಂಟು ದಿನ ಉರಿಯಿತೆಂಬ ಪವಾಡದ ಕಥೆ ಈ ದಂಗೆಯ ಚರಿತ್ರೆ ಹೇಳುವ ಮಕ್ಕಬಿಯರ ಗ್ರಂಥಗಳಲ್ಲಿ ಇಲ್ಲ; ಅದು ಶತಮಾನಗಳ ಬಳಿಕ, ಯೆಹೂದಿ ಧರ್ಮಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದಿನಲ್ಲಿ ಬರುತ್ತದೆ. ಆದರೂ ಇಂದಿನ ಆಚರಣೆಯೆಲ್ಲ ಆ ಎಣ್ಣೆಯ ಸುತ್ತಲೇ ಬೆಳೆದಿದೆ.

ದೀಪಸ್ತಂಭಕ್ಕೆ ಹನುಕ್ಕಿಯಾ ಎಂದು ಹೆಸರು. ಎಂಟು ದೀಪಗಳು ಒಂದೇ ಸಾಲಿನಲ್ಲಿ, ಒಂದೇ ಎತ್ತರದಲ್ಲಿರಬೇಕು. ಒಂಬತ್ತನೆಯದು ಶಮ್ಮಾಶ್, ಅಂದರೆ ಸೇವಕ. ಅದನ್ನು ಸ್ವಲ್ಪ ಮೇಲಕ್ಕೆ ಅಥವಾ ಪಕ್ಕಕ್ಕೆ ಇಡುತ್ತಾರೆ. ಆಲಿವ್ ಎಣ್ಣೆಯ ದೀಪ ಶ್ರೇಷ್ಠವೆನ್ನುತ್ತಾರಾದರೂ ಮೇಣದ ಬತ್ತಿಗಳೂ ಸಲ್ಲುತ್ತವೆ.

ಇನ್ನು ಹಚ್ಚುವ ಕ್ರಮ, ಹೊಸಬರು ಸಾಮಾನ್ಯವಾಗಿ ತಡವರಿಸುವುದು ಇಲ್ಲಿಯೇ. ಸ್ತಂಭಕ್ಕೆ ಮುಖಮಾಡಿ ನಿಂತಾಗ ಮೊದಲ ರಾತ್ರಿಯ ದೀಪ ತೀರ ಬಲತುದಿಯಲ್ಲಿರುತ್ತದೆ. ಎರಡನೆಯ ರಾತ್ರಿ ಅದರ ಎಡಕ್ಕೆ ಇನ್ನೊಂದು, ಹೀಗೆ ದಿನಕ್ಕೊಂದರಂತೆ ಎಡಕ್ಕೆ ಸೇರಿಸುತ್ತ ಹೋಗಬೇಕು. ಹಚ್ಚುವಾಗ ಮಾತ್ರ ಆ ದಿನದ ಹೊಸ ದೀಪದಿಂದ ಆರಂಭಿಸಿ ಬಲಕ್ಕೆ ಸಾಗಬೇಕು. ಮೊದಲು ಶಮ್ಮಾಶ್ ಹೊತ್ತಿಸಿ, ಆಶೀರ್ವಾದದ ಎರಡು ಮಂತ್ರಗಳನ್ನು ಹೇಳಿ, ಆ ಬಳಿಕವೇ ಉಳಿದವಕ್ಕೆ ಜ್ವಾಲೆ ತಾಗಿಸುತ್ತಾರೆ. ಮೊದಲ ರಾತ್ರಿ ಮಾತ್ರ, ಈ ಕಾಲವನ್ನು ಕಾಣುವಂತೆ ತಮ್ಮನ್ನು ಉಳಿಸಿದ್ದಕ್ಕಾಗಿ ದೇವರಿಗೆ ವಂದಿಸುವ ಮೂರನೆಯ ಮಂತ್ರವಿರುತ್ತದೆ. ಶಮ್ಮಾಶ್ ಸೇರಿ ಎಂಟು ರಾತ್ರಿಗಳಿಗೆ ಒಟ್ಟು 44 ಬತ್ತಿಗಳು ಬೇಕು. ಹೀಗೆ ಏರುವ ಬದಲು ಎಂಟರಿಂದ ಒಂದಕ್ಕೆ ಇಳಿಯಬೇಕೆಂದು ಪ್ರಾಚೀನ ಯೆಹೂದಿ ಧರ್ಮಗುರು ಶಮ್ಮಾಯ್ ಪಂಥದವರು ವಾದಿಸಿದ್ದರು. ಪವಿತ್ರವಾದುದರಲ್ಲಿ ಏರಬೇಕೇ ಹೊರತು ಇಳಿಯಬಾರದೆಂಬ, ಅವನ ಸಮಕಾಲೀನ ಗುರು ಹಿಲ್ಲೇಲ್ ಪಂಥದವರ ಮಾತು ನಿಂತಿತು, ಅದು ಸರಿಯೂ ಹೌದೆಂದು ನನಗೆ ಅನಿಸುತ್ತದೆ.

ಕತ್ತಲಾದ ಮೇಲೆ ಅರ್ಧ ಗಂಟೆಯಾದರೂ ದೀಪ ಉರಿಯಬೇಕು. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್, ಅಂದರೆ ಬೆಂಕಿ ಹೊತ್ತಿಸಬಾರದ ವಿಶ್ರಾಂತಿಯ ದಿನ. ಹಾಗಾಗಿ ಶುಕ್ರವಾರ ಸಬ್ಬತ್ ದೀಪಗಳಿಗೂ ಮುನ್ನ, ಸೂರ್ಯ ಮುಳುಗುವ ಮೊದಲೇ ಇವನ್ನು ಹಚ್ಚಬೇಕಾಗುವುದರಿಂದ ಅಂದು ಸಣ್ಣ ಬತ್ತಿಗಳು ಸಾಲುವುದಿಲ್ಲ. ಎಣ್ಣೆ ಹೆಚ್ಚು ಹಾಕಬೇಕು. ಶನಿವಾರ ಸಬ್ಬತ್ ಮುಗಿದ ನಂತರವೇ ಹಚ್ಚುತ್ತಾರೆ. ಪವಾಡ ಹೊರಗಿನವರಿಗೂ ತಿಳಿಯಲೆಂದು ದೀಪವನ್ನು ಕಿಟಕಿಯಲ್ಲಿ ಅಥವಾ ಬಾಗಿಲ ಬಳಿ ಇಡುತ್ತಾರೆ. ಅಪಾಯದ ಕಾಲದಲ್ಲಿ ಮನೆಯೊಳಗಿನ ಮೇಜೇ ಸಾಕೆಂದು ತಾಲ್ಮುದ್ ಅನುಮತಿಸುತ್ತದೆ. ಆ ಬೆಳಕಿನಲ್ಲಿ ಓದುವುದಾಗಲಿ ಕೆಲಸ ಮಾಡುವುದಾಗಲಿ ಸಲ್ಲದು, ಅದು ನೋಡುವುದಕ್ಕೆ ಮಾತ್ರ. ಅಕಸ್ಮಾತ್ ಬಳಕೆಯಾದರೂ ಅದು ಸೇವಕ ದೀಪದ ಬೆಳಕೆನಿಸಲಿ ಎಂದೇ ಶಮ್ಮಾಶ್ ಇರುವುದು.

ಅಡುಗೆಯೂ ಎಣ್ಣೆಯದೇ. ಪೂರ್ವ ಯೂರೋಪಿನ ಮೂಲದ ಮನೆಗಳಲ್ಲಿ ಆಲೂಗಡ್ಡೆಯ ಲಾಟ್ಕೆ, ಇಸ್ರೇಲಿನಲ್ಲಿ ಜಾಮ್ ತುಂಬಿ ಕರಿದ ಸುಫ್ಗಾನಿಯಾ. ಲಾಟ್ಕೆಗೆ ಆಲೂಗಡ್ಡೆ, ಈರುಳ್ಳಿ ತುರಿದು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ. ಹಿಂಡಿದ ನೀರು ಸ್ವಲ್ಪ ಹೊತ್ತು ನಿಂತರೆ ತಳದಲ್ಲಿ ಬಿಳಿಯ ಗಸಿ ಕೂರುತ್ತದೆ. ನೀರನ್ನು ಬಸಿದು ಆ ಗಸಿಯನ್ನು ತುರಿಗೆ ಮತ್ತೆ ಸೇರಿಸಿದರೆ, ಮೊಟ್ಟೆ, ಉಪ್ಪು, ಸ್ವಲ್ಪ ಹಿಟ್ಟಿನೊಂದಿಗೆ ತಟ್ಟಿ ಕರಿದಾಗ ಅಂಚು ಗರಿಗರಿಯಾಗುತ್ತದೆ.

ಎಂಟನೆಯ ರಾತ್ರಿ ಕಳೆದ ಮೇಲೆ ದೀಪಗಳಲ್ಲಿ ಉಳಿದ ಎಣ್ಣೆಯನ್ನೂ ಬತ್ತಿಗಳನ್ನೂ ಅಡುಗೆಗೋ ಬೇರೆ ದೀಪಕ್ಕೋ ಬಳಸಬಾರದು. ಅವನ್ನು ಒಟ್ಟುಗೂಡಿಸಿ ಸುಟ್ಟುಬಿಡುತ್ತಾರೆ.