ಹೊಸ ವ್ಯಾಪಾರಕ್ಕೆ ಪ್ಲಾನ್ ಮಾಡುವಾಗ ಹತ್ತು ಪಟ್ಟು ಲೆಕ್ಕ ಹಾಕಿ ನೋಡಿ

ಬಂಡವಾಳ ಸಣ್ಣದು ಅಂತ ಗುರಿಯನ್ನೂ ಸಣ್ಣದಾಗಿ ಇಟ್ಟುಕೊಳ್ಳಬೇಕಿಲ್ಲ. ದಿನಕ್ಕೆ 10 ಆರ್ಡರ್ ಬರಬಹುದು ಅನ್ನಿಸಿದರೆ, 100 ಬಂದರೆ ಏನಾಗುತ್ತದೆ ಅಂತ ಬರೆದು ನೋಡಿ. ಮೊದಲು ಯಾವುದು ಸಾಲದೆ ಬರುತ್ತದೆ? ಕೆಲಸದವರಾ, ಜಾಗವಾ, ದುಡ್ಡಾ?

ಎಷ್ಟೋ ಸಲ ದುಡ್ಡೇ. ಸರಕಿಗೆ ಇವತ್ತೇ ಹಣ ಕೊಡಬೇಕು, ಗಿರಾಕಿಯಿಂದ ಬರುವುದು 30 ದಿನ ಬಿಟ್ಟು. ಲೆಕ್ಕದಲ್ಲಿ ಲಾಭ ಇರುತ್ತದೆ, ಕೈ ಮಾತ್ರ ಖಾಲಿ. ಆರ್ಡರ್ ಹೆಚ್ಚಿದಷ್ಟೂ ಈ ತೊಂದರೆ ಜಾಸ್ತಿ. ಅದಕ್ಕೇ ಮುಂಗಡ ಎಷ್ಟು ಕೇಳಬೇಕು, ಉದ್ರಿ ಕೊಡಬೇಕಾ ಬೇಡವಾ ಅನ್ನುವುದನ್ನು ಮೊದಲ ದಿನವೇ ತೀರ್ಮಾನಿಸಿ. ಆಮೇಲೆ ಹಳೇ ಗಿರಾಕಿಗಳಿಗೆ ಹೊಸ ಷರತ್ತು ಹೇಳುವುದು ಕಷ್ಟ ಅಲ್ವಾ?

ಹಾಗಂತ ದೊಡ್ಡ ಮೆಷಿನ್ ಈಗಲೇ ತಂದು ಸುಮ್ನೆ ಇಡಬೇಡಿ. ಆರ್ಡರ್ 30 ದಾಟಿದರೆ ಇನ್ನೊಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, 60 ದಾಟಿದರೆ ಮೆಷಿನ್ ಕೊಳ್ಳುವುದು ಅಂತ ಈಗಲೇ ಗುರುತು ಮಾಡಿಟ್ಟುಕೊಳ್ಳಿ.