ಒಬ್ಬರೇ ಹಾಡಿ ರೂಢಿ ಆದವರು ಗ್ರೂಪ್ ಸೇರಿದಾಗ ಏನು ಮಾಡಬೇಕು?

ಆರ್ಕೆಸ್ಟ್ರಾ, ಗಣಪತಿ ಪೆಂಡಾಲು, ಕಾಲೇಜ್ ಫೆಸ್ಟು ಅಂತ ಟ್ರ್ಯಾಕ್ ಹಾಕಿಕೊಂಡು ಒಬ್ಬರೇ ಹಾಡಿ ಹೆಸರು ಮಾಡಿದವರು ಹುಬ್ಬಳ್ಳಿ-ಧಾರವಾಡದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಂಥ ನಾಲ್ಕೈದು ಜನ ಸೇರಿ, ವಾದ್ಯ ಇಲ್ಲದೆ ಬರೀ ದನಿಯಲ್ಲಿ ಹಾಡೋಣ ಅಂತ ಕೂತರೆ ಮೊದಲ ದಿನವೇ ಗೊಂದಲ. ಎಲ್ಲರೂ ಚೆನ್ನಾಗಿ ಹಾಡುತ್ತಾರೆ, ಆದರೆ ಸೇರಿ ಹಾಡಿದರೆ ಚೆನ್ನಾಗಿ ಕೇಳಿಸಲ್ಲ. ಕಾರಣ ಕಿವಿ. ಒಬ್ಬರೇ ಹಾಡುವಾಗ ಗಮನವೆಲ್ಲ ನಿಮ್ಮ ದನಿ ಮೇಲೆ ಇರುತ್ತೆ, ಗ್ರೂಪಿನಲ್ಲಿ ಅದು ಪಕ್ಕದವರ ದನಿ ಮೇಲೆ ಹೋಗಬೇಕು.

ಮೊದಲು ಸ್ಕೇಲ್, ಅಂದರೆ ಶ್ರುತಿ. "ನನ್ನದು ಹಾರ್ಮೋನಿಯಂನ ಕರಿ ಒಂದು, ಅದರಲ್ಲೇ ಹಾಡೋದು" ಅಂತ ಪಟ್ಟು ಹಿಡಿಯಬೇಡಿ. ಗ್ರೂಪಿನಲ್ಲಿ ಶ್ರುತಿ ತೀರ್ಮಾನ ಆಗೋದು ಎಲ್ಲರಿಗಿಂತ ಕೆಳಗೆ ಹಾಡುವವರು ಎಲ್ಲಿವರೆಗೆ ಇಳಿಯುತ್ತಾರೆ, ಮೇಲೆ ಹಾಡುವವರು ಎಲ್ಲಿವರೆಗೆ ಏರುತ್ತಾರೆ ಅನ್ನೋದರ ಮೇಲೆ. ನಡುವಿನವರು ಹೊಂದಿಕೊಳ್ಳಬೇಕು. ಎಲ್ಲಕ್ಕಿಂತ ಮೇಲಿನ ದನಿಯಿಂದ ಕೆಳಗಿನ ದನಿವರೆಗೆ ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಅಂತ ಪಾರ್ಟ್ ಹಂಚುವಾಗಲೂ ಅಷ್ಟೇ, ಒಮ್ಮೆ ಕಷ್ಟಪಟ್ಟು ಮುಟ್ಟುವ ಸ್ವರ ಲೆಕ್ಕಕ್ಕಿಲ್ಲ. ದಣಿವಿಲ್ಲದೆ ಎಷ್ಟು ಹೊತ್ತು ಎಲ್ಲಿ ನಿಲ್ಲಬಹುದು ಅಂತ ನೋಡಿ.

ಲೀಡ್, ಅಂದರೆ ಹಾಡಿನ ಮುಖ್ಯ ಧಾಟಿ, ಹಾಡಿದವರಿಗೆ ನಡುವಿನ ಪಾರ್ಟ್ ಸಿಕ್ಕರೆ ತುಂಬಾ ಕಷ್ಟ ಆಗುತ್ತೆ. ಅದು ಧಾಟಿಯ ಹಾಗೆ ಓಡಲ್ಲ, ಎರಡು ಮೂರು ಸ್ವರದಲ್ಲೇ ಸುತ್ತುತ್ತಾ ಇರುತ್ತೆ, ಕಿವಿ ಮಾತ್ರ ಮೂಲ ಧಾಟಿಯ ಕಡೆ ಎಳೆಯುತ್ತೆ. ನಿಮ್ಮ ಪಾರ್ಟನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಮೊದಲು ಬರೀ ಗುನುಗಿ. ಆಮೇಲೆ ಬೇಸ್ ಹಾಡುವವರ ಜೊತೆ ಇಬ್ಬರೇ ಕೂತು ಹಾಡಿ. ಲೀಡ್ ಜೊತೆ ಹಾಡೋದು ಕೊನೆಗೆ ಇರಲಿ. ಬಸ್ಸಿನಲ್ಲಿ ಕೇಳೋಕೆ ಬರೀ ದನಿಯಲ್ಲೇ ಹಾಡುವ ಪೆಂಟಾಟಾನಿಕ್ಸ್ ಗ್ರೂಪಿನ ಹಾಡುಗಳಿವೆ, 1996ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಪೆನ್ ಮಸಾಲಾ ಗ್ರೂಪಿನ ಹಿಂದಿ-ಇಂಗ್ಲಿಷ್ ಹಾಡುಗಳಿವೆ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುವಷ್ಟರಲ್ಲಿ ಒಂದೇ ಹಾಡನ್ನು ನಾಲ್ಕೈದು ಸಲ ಕೇಳಬಹುದು. ಒಂದು ಸಲ ಲೀಡ್ ಬಿಟ್ಟು ಬೇಸ್ ಮಾತ್ರ ಹಿಂಬಾಲಿಸಿ, ಇನ್ನೊಂದು ಸಲ ನಡುವಿನ ಒಂದೇ ದನಿ.

ಇನ್ನು ಗಾಂಧಾರ, ಅಂದರೆ ಸರಿಗಮದ ಗಾ. ಇದಕ್ಕೆ ಜಾಸ್ತಿ ಸಮಯ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ಕೆಳಗಿನ ಸಾ ನುಡಿಯುವ ತಂತಿಯನ್ನು ಮೀಟಿ ಸುಮ್ನೆ ಕೇಳಿ. ತಂತಿ ಇರೋದು ಷಡ್ಜಕ್ಕೆ, ಆದರೆ ಒಳಗಿನಿಂದ ಗಾಂಧಾರ ತಾನಾಗಿ ಏಳುತ್ತೆ. ಆ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿದೆ. ಕೀಬೋರ್ಡಿನ ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್ ಅಂದರೆ ಇದು ಎಷ್ಟು ಸಣ್ಣ ವ್ಯತ್ಯಾಸ ಅಂತ ಗೊತ್ತಾಗುತ್ತೆ, ಆದರೂ ಮೂರು ದನಿ ಸೇರೋದು ಬಿಡೋದು ಇಲ್ಲೇ. ಒಬ್ಬರು ಸಾ ಹಿಡಿಯಲಿ, ಇನ್ನೊಬ್ಬರು ಪಾ. ನೀವು ಕೀಬೋರ್ಡಿನ ಗಾ ಹಿಡಿದು, ನಿಧಾನಕ್ಕೆ, ಕೂದಲೆಳೆಯಷ್ಟು ಇಳಿಯುತ್ತಾ ಬನ್ನಿ. ಮೊದಲು ದನಿಗಳ ನಡುವೆ ಒಂದು ಅಲುಗಾಟ ಕೇಳುತ್ತೆ, ಇಳಿದ ಹಾಗೆ ಅದು ನಿಧಾನ ಆಗುತ್ತೆ, ಒಂದು ಕಡೆ ಪೂರ್ತಿ ನಿಂತು ಮೂರೂ ದನಿ ಸೇರಿ ಒಂದೇ ಆಗಿ ಕೋಣೆ ತುಂಬುತ್ತೆ. ಆ ಜಾಗ ಕಿವಿಗೆ ಒಮ್ಮೆ ಸಿಕ್ಕರೆ ಮತ್ತೆ ತಪ್ಪಲ್ಲ. ಟ್ರ್ಯಾಕ್ ಜೊತೆಗೇ ಹಾಡಿ ಬೆಳೆದವರಿಗೆ ಇದು ಹೊಸದು. ತಂಬೂರಿ ಮುಂದೆ ಕೂತು ಹಿಂದೂಸ್ತಾನಿ ಕಲಿತವರು ನಮ್ಮ ಕಡೆ ಮನೆಮನೆಯಲ್ಲಿ ಸಿಗುತ್ತಾರೆ, ಅವರ ಹತ್ತಿರ ಹೋಗಿ ಕೂರಿ.

ಅದೇ ಹಿಂದೂಸ್ತಾನಿ ರೂಢಿಯಲ್ಲಿ ಒಂದನ್ನು ಮಾತ್ರ ತಡೆದು ಇಟ್ಟುಕೊಳ್ಳಬೇಕು. ಮುರ್ಕಿ, ಹರಕತ್ತು ಅನ್ನುವ ಸ್ವರದ ಅಲಂಕಾರಗಳು, ಸ್ವರದ ಕೊನೆಯಲ್ಲಿ ನಡುಗಿಸೋದು, ಇವೆಲ್ಲ ಲೀಡ್ ಹಾಡುವವರಿಗೆ ಬಿಡಿ. ಹಿಂದಿನ ದನಿಗಳು ನೇರ ನಿಲ್ಲಬೇಕು.

ಉಚ್ಚಾರ ಕೂಡ ಒಂದಾಗಬೇಕು. ವೃತ್ತವಾಗಿ ನಿಂತು, ಒಬ್ಬರ ಬಾಯಿ ಒಬ್ಬರು ನೋಡುತ್ತಾ "ಏ" ಹಿಡಿಯಿರಿ. ಒಬ್ಬರ ಬಾಯಿ ಅಗಲ, ಒಬ್ಬರದು ಗುಂಡಗೆ ಇದ್ದರೆ ಸ್ವರ ಸರಿ ಇದ್ದರೂ ಬೇಸುರ ಅನಿಸುತ್ತೆ. ಕನ್ನಡದಲ್ಲಿ ಒತ್ತಕ್ಷರ ಬೇರೆ. "ಹಕ್ಕಿ" ಅನ್ನುವಾಗ ನಡುವೆ ಒಂದು ಕ್ಷಣ ದನಿ ಪೂರ್ತಿ ನಿಲ್ಲುತ್ತೆ ಅಲ್ವಾ? ಐದು ಜನ ಐದು ಕಡೆ ನಿಲ್ಲಿಸಿದರೆ ಆ ಪದ ಚೂರುಚೂರು. ಅದನ್ನು ತಾಳದ ಯಾವ ಜಾಗದಲ್ಲಿ ಮುಚ್ಚಬೇಕು, ಎಲ್ಲಿ ತೆರೆಯಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಸಾಲಿನ ಕೊನೆಗೂ ಹಾಗೇ, ನಮ್ಮ ಪದಗಳು ಹೆಚ್ಚಾಗಿ ಅ, ಇ, ಉ ಥರದ ಸ್ವರಾಕ್ಷರದಲ್ಲೇ ಮುಗಿಯೋದರಿಂದ ಎಲ್ಲಿ ಬಿಡಬೇಕು ಅಂತ ಯಾರಾದರೂ ಕೈ ತೋರಿಸಬೇಕು.

ಉಸಿರನ್ನು ಎಲ್ಲರೂ ಒಟ್ಟಿಗೆ ತೆಗೆದುಕೊಳ್ಳಬೇಡಿ. ಉದ್ದ ಸ್ವರದಲ್ಲಿ ನಿಮ್ಮ ಪಕ್ಕದವರು ಹಿಡಿದಿರುವಾಗ ಮೆಲ್ಲಗೆ ಬಿಟ್ಟು, ಉಸಿರು ತೆಗೆದುಕೊಂಡು, ಮೆಲ್ಲಗೆ ಒಳಗೆ ಬನ್ನಿ. ಎಲ್ಲಿ ಅಂತ ಹಾಳೆಯ ಮೇಲೆ ಪೆನ್ಸಿಲ್ ಗುರುತು ಹಾಕಿ. ಪಕ್ಕದವರ ದನಿ ಕೇಳಿಸುತ್ತಿಲ್ಲ ಅಂದರೆ ನಿಮ್ಮದು ಜೋರಾಗಿದೆ. ಮೈಕನ್ನು ತುಟಿಗೆ ಅಂಟಿಸಿಕೊಳ್ಳುವ ಅಭ್ಯಾಸವನ್ನೂ ಬಿಡಬೇಕು, ಹತ್ತಿರ ಹಿಡಿದಷ್ಟೂ ದನಿ ದಪ್ಪ ಆಗುತ್ತೆ. ಎಲ್ಲರೂ ಒಂದೇ ಅಂತರದಲ್ಲಿ ಹಿಡಿಯಿರಿ.

ಮನಸ್ಸಿನ ಮಾತೂ ಇದೆ. ನಿನ್ನೆವರೆಗೆ ಚಪ್ಪಾಳೆ ಎಲ್ಲ ನಿಮಗೇ, ಇವತ್ತು ಮೂರು ನಿಮಿಷ ಹಿಂದೆ ನಿಂತು "ಊ" ಅನ್ನಬೇಕು. ಬೇಜಾರಾಗೋದು ಸಹಜ. ಆಗ ಗಂಗೂಬಾಯಿ ಹಾನಗಲ್ ಅವರ ಕಛೇರಿಯ ರೆಕಾರ್ಡಿಂಗ್ ಹಾಕಿ ಕೇಳಿ. ಪಕ್ಕದಲ್ಲಿ ಮಗಳು ಕೃಷ್ಣಾ ಹಾನಗಲ್ ವರ್ಷಗಟ್ಟಲೆ ಸಹಗಾಯನ ಮಾಡಿದರು. ತಾಯಿ ಎಲ್ಲಿ ಬಿಡುತ್ತಾರೆ, ಮಗಳು ಎಲ್ಲಿ ಎತ್ತಿಕೊಳ್ಳುತ್ತಾರೆ ಅಂತ ಬರೀ ಅದನ್ನೇ ಗಮನಿಸಿ. ಅಷ್ಟು ಚೆನ್ನಾಗಿ ಹಿಂದೆ ನಿಲ್ಲೋಕೆ ಮುಂದೆ ಹಾಡುವವರಷ್ಟೇ ವಿದ್ಯೆ ಬೇಕು.

ತಪ್ಪು ಹೇಳುವಾಗ ಹಾಡಿದವರನ್ನು ಹಿಡಿಯಬೇಡಿ, ಹಾಡಿನ ಸಾಲನ್ನು ಹಿಡಿಯಿರಿ. "ನಿಮ್ಮದು ಅಪಸ್ವರ" ಅಂದರೆ ಮುಗೀತು. "ಅಕ್ಕಾ, ಎರಡನೇ ಸಾಲಿನ್ಯಾಗ ಗಾಂಧಾರ ಸ್ವಲ್ಪ ಏರಾಕತ್ತೈತಿ, ಇನ್ನೊಮ್ಮೆ ನೋಡೋಣ್ರೀ" ಅಂದರೆ ಯಾರಿಗೂ ಬೇಸರ ಆಗಲ್ಲ.

ದುಡ್ಡು ಹೇಗೆ ಹಂಚೋದು, ಬ್ಯಾನರಿನಲ್ಲಿ ಹೆಸರು ಹೇಗೆ ಬರಬೇಕು ಅನ್ನೋದನ್ನು ಮೊದಲ ಕಾರ್ಯಕ್ರಮಕ್ಕೆ ಮುಂಚೆಯೇ ಬರೆದು ಇಟ್ಟುಕೊಳ್ಳಿ. ಒಬ್ಬರೇ ಹಾಡುವ ಕಾರ್ಯಕ್ರಮಗಳನ್ನು ಬಿಡಬೇಕಿಲ್ಲ, ಅವು ಇರಲಿ. ಆದರೆ ಗಣಪತಿ ಹಬ್ಬದ ಹೊತ್ತಿಗೆ ಎಲ್ಲರಿಗೂ ಕರೆ ಬರುತ್ತವೆ, ಒಪ್ಪಿಕೊಂಡ ತಾರೀಖನ್ನು ಅವತ್ತೇ ವಾಟ್ಸಾಪ್‌ನಲ್ಲಿ ಹಾಕಿಬಿಡಿ. ಒಂದೊಂದು ಪಾರ್ಟ್ ಹಾಡೋಕೆ ಒಬ್ಬೊಬ್ಬರೇ ಇರುವ ಗ್ರೂಪಿನಲ್ಲಿ ಒಬ್ಬರು ತಪ್ಪಿದರೆ ಆ ಸ್ವರವೇ ಇರಲ್ಲ, ಹಾಗಾಗಿ ಪಕ್ಕದವರ ಪಾರ್ಟನ್ನೂ ಒಂದೆರಡು ಹಾಡಿನಲ್ಲಾದರೂ ಕಲಿತಿಟ್ಟಿರಿ.